ಇಂಗ್ಲಿಷಿನಲ್ಲಿ ಸಿಟ್ಟು ಕಲಿಸಿದ ಗಂಗಾಂಬಿಕಾ

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಹೈಸ್ಕೂಲಿನಲ್ಲಿ ಗಂಗಾಂಬಿಕಾ ಇಂಗ್ಲಿಷ್ ಟೀಚರು. ಹಡಗಲಿಯ ಬಟ್ಟೆ ಅಂಗಡಿಯವರ ಮಗಳು. ಕನ್ನಡ ಮಾಧ್ಯಮದಲ್ಲೇ ಓದಿ, ಹಟ ಹಿಡಿದು ಇಂಗ್ಲಿಷ್ ಎಂ.ಎ. ಮುಗಿಸಿದವಳು. ವ್ಯಾಕರಣದಲ್ಲಿ ಅವಳನ್ನು ತಡವುವವರು ಸುತ್ತಮುತ್ತ ಇರಲಿಲ್ಲ. ಆದರೆ ಮೈಸೂರಿನಲ್ಲಿ ನಡೆದ ಶಿಕ್ಷಕರ ತರಬೇತಿಯೊಂದರಲ್ಲಿ, ಊಟದ ಸಾಲಿನಲ್ಲಿ ನುಗ್ಗಿ ಬಂದ ಒಬ್ಬಾಕೆ ಇವಳ ಹೊಸ ಇಳಕಲ್ ಸೀರೆಯ ಮೇಲೆ ಸಾಂಬಾರು ಚೆಲ್ಲಿದಳು. ಚೆಲ್ಲಿದ್ದಲ್ಲದೆ ಇಂಗ್ಲಿಷಿನಲ್ಲಿ ಇವಳ ಮೇಲೆಯೇ ರೇಗಿದಳು. ಗಂಗಾಂಬಿಕಾಳ ಬಾಯಿಂದ ಹೊರಟ ಮಾತು ‘ಸಾರಿ’.

ತಪ್ಪು ಆಕೆಯದು, ಸಾರಿ ತನ್ನದು! ಹರಪನಹಳ್ಳಿಗೆ ವಾಪಸಾಗುವ ಬಸ್ಸಿನಲ್ಲಿ ಅವಳಿಗೆ ಅದೇ ಯೋಚನೆ. ಮೇ ಐ ಕಮಿನ್, ಪ್ಲೀಸ್, ಥ್ಯಾಂಕ್ಯೂ, ಸಾರಿ. ನಮಗೆ ಕಲಿಸಿದ ಇಂಗ್ಲಿಷೆಲ್ಲ ಬಾಗಿಲ ಹೊರಗೆ ನಿಂತು ಅಪ್ಪಣೆ ಕೇಳುವ ಇಂಗ್ಲಿಷು. ಬೇಸರ ಬಂದರೆ, ಸಿಟ್ಟು ಬಂದರೆ ಆಡುವ ಒಂದು ಮಾತೂ ನಮ್ಮ ನಾಲಿಗೆಯ ಮೇಲಿಲ್ಲ. ಗ್ರಾಮರ್ ಪುಸ್ತಕದಲ್ಲಿ ‘ಅಲಾಸ್’ ಎಂಬುದೊಂದಿದೆ, ನಿಜ. ಬಸ್ಸು ತಪ್ಪಿಸಿಕೊಂಡವರು ಯಾರು ತಾನೇ ‘ಅಲಾಸ್’ ಎನ್ನುತ್ತಾರೆ?

ಮುಂದಿನ ಶನಿವಾರವೇ ಅವಳು ಒಂಬತ್ತನೇ ತರಗತಿಗೆ ಸಿಟ್ಟಿನ ಪಾಠ ಶುರುಮಾಡಿದಳು. ‘ಓ ನೋ’, ‘ನಾಟ್ ಅಗೇನ್’, ‘ಕಮಾನ್’, ‘ದಿಸ್ ಈಸ್ ಟೂ ಮಚ್’. ಯಾವುದನ್ನು ಅಜ್ಜನ ಮುಂದೆಯೂ ಅನ್ನಬಹುದು, ಯಾವುದನ್ನು ಗೆಳೆಯರ ನಡುವೆ ಮಾತ್ರ ಅನ್ನಬೇಕು, ಯಾವುದನ್ನು ಸಿನಿಮಾದವರು ಅಂದರೂ ನಾವು ಅನ್ನಬಾರದು ಎಂದು ಬಿಡಿಸಿ ಹೇಳಿದಳು. ಮೊಬೈಲಿನಲ್ಲಿ ಕಲಿತ ಪದವೊಂದನ್ನು ಚನ್ನಬಸವ ಎಂಬ ಹುಡುಗ ಎದ್ದು ನಿಂತು ಜಂಬದಿಂದ ಹೇಳಿದ. ಅವಳು ಗದರಲಿಲ್ಲ, ಅದರ ಅರ್ಥವನ್ನು ಮುಚ್ಚುಮರೆಯಿಲ್ಲದೆ ಕನ್ನಡದಲ್ಲಿ ತಿಳಿಸಿದಳು. ಹುಡುಗ ಮುಖ ಕಿವುಚಿಕೊಂಡು ಕೂತ. ಆ ಪದ ಮತ್ತೆ ತರಗತಿಯಲ್ಲಿ ಕೇಳಿಸಲಿಲ್ಲ.

ಕರೆಂಟು ಹೋದಾಗಲೆಲ್ಲ ಇಡೀ ತರಗತಿ ಒಂದೇ ದನಿಯಲ್ಲಿ ‘ನಾಟ್ ಅಗೇನ್!’ ಎಂದು ಕೂಗತೊಡಗಿತು. ಹೆಡ್‌ಮಾಸ್ತರ್ ವೀರಭದ್ರಯ್ಯ ಗಾಬರಿಯಿಂದ ಬಂದರು.

“ಏನ್ರಿ ಮೇಡಂ, ಹುಡುಗ್ರಿಗೆ ಬೈಯಾದು ಕಲಿಸಾಕ ಹತ್ತೀರಂತಲ್ಲ?”

“ಬೈಯಾದಲ್ಲ ಸರ್, ಬ್ಯಾಸರ ಹೇಳಿಕೊಳ್ಳಾದು. ಬ್ಯಾಸರ ಹೇಳಾಕ ಬರಲಿಲ್ಲಂದ್ರ ಆ ಭಾಷಾ ನಮ್ಮದು ಹೆಂಗಾಕ್ಕೈತ್ರಿ?”

ವೀರಭದ್ರಯ್ಯ ತಲೆ ಕೆರೆದುಕೊಂಡು ಹೋದರು. ಬೇಡ ಅನ್ನಲಿಲ್ಲ.

ಆ ತರಗತಿಯಲ್ಲಿ ಕೀರ್ತನಾ ಎಂಬ ಹುಡುಗಿ ಇದ್ದಳು. ಕುರಿ ಸಾಕುವ ಮೈಲಪ್ಪನ ಮಗಳು. ಹಾಜರಿ ಕೂಗಿದರೂ ತುಟಿ ಅಲುಗಿಸುವಳೇ ಹೊರತು ದನಿ ಹೊರಡುತ್ತಿರಲಿಲ್ಲ. ಒಂದು ದಿನ ಗಂಗಾಂಬಿಕಾ ಅವಳ ಬೆಂಚಿನಲ್ಲೇ ಹೋಗಿ ಕೂತಳು.

“ನಿಮ್ಮ ಕುರಿ ಬ್ಯಾರೇರ ಹೊಲದ ಮೆಕ್ಕೆಜೋಳಕ್ಕ ಬಾಯಿ ಹಾಕಿದ್ರ ಏನಂತೀಯವ್ವಾ?”

ಕೀರ್ತನಾ “ಏಯ್ ಹಾಳಾಗಿ ಹೋಗ, ನಿಂಗೇನ್ ಬಂದೈತಿ ಧಾಡಿ!” ಎಂದು ಒಮ್ಮೆಲೇ ಕೂಗಿದಳು. ಕಿಟಕಿಯಲ್ಲಿದ್ದ ಪಾರಿವಾಳ ಹಾರಿಹೋಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು.

“ಆ ದನಿ ಐತಲ್ಲ, ಅದನ್ನ ಹಂಗೇ ಇಟ್ಕಾ. ಮಾತಷ್ಟೇ ಬದಲಿ ಮಾಡು,” ಎಂದಳು ಗಂಗಾಂಬಿಕಾ.

“ಓ, ಕಮಾನ್! ದಿಸ್ ಈಸ್ ಟೂ ಮಚ್!” ಎಂದಳು ಕೀರ್ತನಾ. ಅದೇ ಗಂಟಲು, ಅದೇ ಏರು. ಅಂದಿನಿಂದ ಅವಳ ದನಿ ಅಡಗಲಿಲ್ಲ.

ಡಿಸೆಂಬರಿನಲ್ಲಿ ಹರಪನಹಳ್ಳಿಯಲ್ಲಿ ತಾಲ್ಲೂಕು ಮಟ್ಟದ ಇಂಗ್ಲಿಷ್ ನಾಟಕ ಸ್ಪರ್ಧೆ ನಡೆಯಿತು. ಉಳಿದ ಶಾಲೆಗಳವರು ರಾಜ ರಾಣಿಯರ ವೇಷ ಹಾಕಿಸಿಕೊಂಡು ಬಂದಿದ್ದರು. ಗಂಗಾಂಬಿಕಾಳ ಮಕ್ಕಳು ಯೂನಿಫಾರಂನಲ್ಲೇ ವೇದಿಕೆ ಹತ್ತಿದರು. ಅವರದು, ಕೈ ಮಾಡಿದರೂ ನಿಲ್ಲದೆ ಹೋಗುವ ಬಸ್ಸಿಗಾಗಿ ಕಾಯುವ ಹುಡುಗಿಯರ ಕಥೆ. ಸಭೆ ನಗತೊಡಗಿತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಸೋಫಾದಲ್ಲಿದ್ದ ಅತಿಥಿಯೊಬ್ಬರ ಫೋನು ರಿಂಗಾಯಿತು. ಅವರು ಕೂತಲ್ಲೇ ಗಟ್ಟಿಯಾಗಿ ಸೈಟಿನ ವ್ಯವಹಾರ ಮಾತಾಡತೊಡಗಿದರು. ಮಕ್ಕಳ ಮಾತು ಯಾರಿಗೂ ಕೇಳದಾಯಿತು. ಸಂಘಟಕರು ಅತ್ತ ನೋಡದವರಂತೆ ನಿಂತರು.

ಕೀರ್ತನಾ ನಾಟಕ ನಿಲ್ಲಿಸಿದಳು. ವೇದಿಕೆಯ ಅಂಚಿಗೆ ಬಂದು ನೇರ ಅವರನ್ನೇ ನೋಡಿದಳು.

“ಓ, ಕಮಾನ್ ಸರ್! ದಿಸ್ ಈಸ್ ಟೂ ಮಚ್! ವಿ ಆರ್ ಸ್ಪೀಕಿಂಗ್ ಹಿಯರ್!”

ಗಂಗಾಂಬಿಕಾಳ ಪಕ್ಕದಲ್ಲಿದ್ದ ವೀರಭದ್ರಯ್ಯ “ಮುಗೀತು ನಮ್ಮ ಕತಿ” ಎಂದು ಪಿಸುಗುಟ್ಟಿದರು. ಅತಿಥಿ ತಲೆಯೆತ್ತಿದರು, ಮುಖ ಕೆಂಪಾಯಿತು, ಫೋನು ಹಿಡಿದು ಎದ್ದು ಹೊರಗೆ ಹೋದರು. ಎಲ್ಲಿಂದಲೋ ಒಂದು ಚಪ್ಪಾಳೆ ಕೇಳಿಸಿತು, ಆಮೇಲೆ ಇಡೀ ಸಭೆಯೇ ಚಪ್ಪಾಳೆ ತಟ್ಟಿತು. ಕೀರ್ತನಾ ಏನೂ ಆಗದವಳ ಹಾಗೆ ಜಾಗಕ್ಕೆ ಮರಳಿ, ಬಾರದ ಬಸ್ಸಿಗೆ ಕೈ ಮಾಡಿ ನಾಟಕ ಮುಂದುವರಿಸಿದಳು.

ಅವರಿಗೆ ಎರಡನೇ ಬಹುಮಾನ ಬಂತು. ಹೊರಗೆ ಬಂದಾಗ ಮೈಲಪ್ಪ ಕಂಬಳಿ ಹೆಗಲಿಗೇರಿಸಿಕೊಂಡು ಕಾಯುತ್ತಿದ್ದ. ಸಭೆಯ ಹಿಂದೆ ನಿಂತು ಎಲ್ಲ ನೋಡಿದ್ದನಾದರೂ ಮಾತು ತಿಳಿದಿರಲಿಲ್ಲ.

“ಮೇಡಮ್ಮಾರ, ಏನಂದ್ಲ್ರಿ ನಮ್ಮ ಹುಡುಗಿ ಆ ದೊಡ್ಡ ಮನಷಾಗ? ತಪ್ಪು ಮಾತಾಡಿದ್ಲೇನು?”

“ತಪ್ಪಿಲ್ಲಪ್ಪಾ. ನಾವು ಮಾತಾಡಾಕ ಹತ್ತೀವಿ, ಇದು ಅತಿಯಾತು ಅಂದ್ಲು. ಸರ್ ಅಂತ ಮರ್ಯಾದಿ ಕೊಟ್ಟೇ ಅಂದಾಳ.”

ಮೈಲಪ್ಪ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವಳ ಚೀಲವನ್ನು ತಾನು ತೆಗೆದುಕೊಂಡ.

ಊರ ಬಸ್ಸು ಹತ್ತಿದ ಮೇಲೆ ಅವನ ಬಾಯಿ ಬಿಚ್ಚಿತು. “ನನ್ನ ಮಗಳ್ರೀ. ಇಂಗ್ಲೀಷಿನಾಗ ಸಿಟ್ಟು ಮಾಡಿ ಬಂದಾಳ!” ಎಂದು ಟಿಕೇಟು ಕೊಡಲು ಬಂದ ಕಂಡಕ್ಟರನಿಗೆ ಹೇಳಿದ. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಕೀರ್ತನಾ ನಾಚಿ ಕಿಟಕಿಯತ್ತ ಮುಖ ತಿರುಗಿಸಿದಳು.

“ಹೌದಾ? ಯಾರು ಕಲಿಸಿದ್ರಪಾ ಅದನ್ನ?” ಎಂದು ಕಂಡಕ್ಟರ್ ನಗುತ್ತ ಕೇಳಿದ.

ಮೈಲಪ್ಪ ಹೇಳುವ ಮೊದಲೇ ಹಿಂದಿನ ಸೀಟಿನಿಂದ ಗಂಗಾಂಬಿಕಾ ಎದ್ದು ನಿಂತಳು.

“ನಾನ್ರಿ,” ಎಂದಳು, ಇಡೀ ಬಸ್ಸಿಗೆ ಕೇಳುವ ಹಾಗೆ.