ಇಸ್ತ್ರಿಯಣ್ಣನ ಚಳಿಗಾಲ

ಇಸ್ತ್ರಿಯಣ್ಣನ ಎದುರು ಬೇಸಿಗೆಯನ್ನು ಹೊಗಳಿದಿರೋ, ನಿಮ್ಮ ಅಂಗಿಯ ಕಾಲರು ಸುಕ್ಕುಸುಕ್ಕಾಗಿಯೇ ಮನೆಗೆ ಬರುತ್ತದೆ. "ಬೇಸಿಗೇನಾ? ಅದೂ ಒಂದು ಕಾಲವೇನ್ರೀ!" ಎಂದು ಅವನು ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಮೇಜಿಗೆ ಕುಕ್ಕುತ್ತಾನೆ. ಬೇಸಿಗೆಯಲ್ಲಿ ಗಿರಾಕಿಗಳು ಆ ಕೆಂಡದ ಬಿಸಿಗೆ ಹೆದರಿ ಬಟ್ಟೆಯ ಗಂಟನ್ನು ದೂರದಿಂದಲೇ ಎಸೆದು, ಪಕ್ಕದಲ್ಲಿ ಅವನ ಹೆಂಡತಿ ನಡೆಸುವ ಶರಬತ್ತಿನ ಅಂಗಡಿಗೆ ಓಡುತ್ತಾರೆ. ಚಳಿ ಶುರುವಾಯಿತೆಂದರೆ ಅವನೇ ರಾಜ. ಅಂಚೆಯವನು, ಮೇಷ್ಟ್ರು, ಹಾಲಿನವಳು ಎಲ್ಲರೂ ಅವನ ಪೆಟ್ಟಿಗೆಯ ಸುತ್ತ ಅಂಗೈ ಚಾಚಿ ನಿಲ್ಲುತ್ತಾರೆ; ಅವನು ಒಂದೇ ಪ್ಯಾಂಟಿನ ಗೆರೆಯನ್ನು ಅರ್ಧ ಗಂಟೆ ತೀಡುತ್ತ ಬೀದಿಯ ಸುದ್ದಿಗೆಲ್ಲ ಇಸ್ತ್ರಿ ಹಾಕುತ್ತಾನೆ. "ಬೇಸಿಗೇಲಿ ರಜಾನಾದ್ರೂ ಸಿಗುತ್ತಲ್ಲಯ್ಯ" ಎಂದು ಮೇಷ್ಟ್ರು ಗೊಣಗಿದರೆ, "ರಜಾ ಸಿಕ್ಕಿದ್ರೆ ಮನೇಲಿ ಕೆಲಸ ಸಿಗುತ್ತೆ ಮೇಷ್ಟ್ರೇ, ಚಳೀಲಿ ಬಿಸಿ ಅಂಗಿ ಸಿಕ್ಕಿದ್ರೆ ಸ್ವರ್ಗಾನೇ ಸಿಗುತ್ತೆ" ಎಂದು, ಆಗಷ್ಟೇ ತೀಡಿದ ಅಂಗಿಯನ್ನು ಅವರ ಹೆಗಲಿಗೆ ಹೊದಿಸಿ ಬಾಯಿ ಮುಚ್ಚಿಸುತ್ತಾನೆ. ಸಂಜೆ ಗುಂಪು ಕರಗಿದ ಮೇಲೆ, ದಿನವಿಡೀ ನೊಣ ಹೊಡೆದ ಹೆಂಡತಿ ಬೀಗ ಹಿಡಿದು ಬರುತ್ತಾಳೆ. ಇಪ್ಪತ್ತು ಬೇಸಿಗೆ ಮಂಜುಗಡ್ಡೆ ಒಡೆದ ಅವಳ ಬೆರಳುಗಳು ಚಳಿಗೆ ಸೆಟೆದುಕೊಂಡು ಕೀಲಿಕೈಯನ್ನೂ ತಿರುಗಿಸಲಾರವು. ಅವನೇ ಹೋಗಿ ಬೀಗ ಹಾಕಿ ಬಂದು, ಹಳೆಯ ಟವಲೊಂದಕ್ಕೆ ಇಸ್ತ್ರಿ ಹಾಕಿ, ಬಿಸಿ ಆರುವ ಮುಂಚೆ ಅವಳ ಕೈಗಳಿಗೆ ಸುತ್ತುತ್ತಾನೆ. "ಏನ್ರೀ, ಇವತ್ತು ರಾಜರ ದರ್ಬಾರು ಜೋರಾಗಿತ್ತಾ?" ಎಂದು ಅವಳು ಕೆಣಕುತ್ತಾಳೆ. ಅವನು ಆಚೀಚೆ ನೋಡಿ, ಮೇಷ್ಟ್ರು ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕೇಳುತ್ತಾನೆ: "ಬೇಸಿಗೆಗೆ ಇನ್ನೆಷ್ಟು ದಿನ ಇದೆ ಕಣೇ?"