ಸೊಸೈಟಿ ಮನೆ ಮತ್ತು ದೊಡ್ಡವ್ವನ ಹಪ್ಪಳ

ಕೊಟ್ಟೂರಿನ ಬಸ್ ನಿಲ್ದಾಣದ ಎದುರು ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಬಲಗಾಲಿಗೆ ಪೋಲಿಯೊ ಆಗಿದ್ದರಿಂದ ಅಂಗವಿಕಲರ ಕೋಟಾದಲ್ಲಿ ಸಿಕ್ಕಿದ್ದು. ಆ ಕಾಲಿನಿಂದ ನನಗಾದ ಉಪಕಾರ ಅದೊಂದೇ ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಬೇರೆ ಯಾರಾದರೂ ಮಾಡಿದರೆ ಮಾತ್ರ ಮೈ ಉರಿಯುತ್ತಿತ್ತು. ಬೂತಿನಲ್ಲಿ ನಾನು ಪಾಲಿಸುತ್ತಿದ್ದ ನೇಮ ಒಂದೇ: ಗಾಜಿನ ಬಾಗಿಲಿನ ಒಳಗೆ ಆಡಿದ್ದು ಹೊರಗೆ ಬರಬಾರದು. ಜನ ಫೋನಿನಲ್ಲಿ ಆಚೆ ಹೊಲದವರನ್ನು ಕರೆದ ಹಾಗೆ ಕೂಗುತ್ತಿದ್ದರು, ಕೇಳದೆ ಇರುವುದು ಆಗದ ಮಾತು. ಕೇಳಿದ್ದನ್ನು ಬಾಯಿಗೆ ತರದೆ ಇರುವುದಷ್ಟೇ ನನ್ನ ಕೈಯಲ್ಲಿತ್ತು.

ಆ ನೇಮವನ್ನು ಒಂದೇ ಒಂದು ಸಲ ಮುರಿದೆ. ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರೊಬ್ಬರು ಹೊಸಪೇಟೆಯ ಮಗಳಿಗೆ ಫೋನ್ ಮಾಡಿ, "ಸೊಸೈಟಿ ಮನಿ ಮಾರಿ ನಿಮ್ಮ ಕಡಿಗೇ ಬಂದುಬಿಡ್ತೀನವ್ವ" ಎಂದರು. ಅವರು ಹೊರಗೆ ಬಂದ ತಕ್ಷಣ ನಾನು, "ಮನಿ ಯಾವಾಗ ತೋರಸ್ತೀರಿ?" ಎಂದು ಕೇಳಿದೆ.

"ಕೇಳಿಸ್ತೇನವ್ವ ನಿನಗ?"

"ಇವತ್ತೊಂದಿನ ಕೇಳಿಸ್ತ್ರಿ."

ಸೊಸೈಟಿ ಮನೆ ಎಂದರೆ ಗಿರಣಿಯ ನೌಕರರು ಸೇರಿ ಸಹಕಾರ ಸಂಘ ಮಾಡಿಕೊಂಡು ಹಳೇ ಪೇಟೆಯ ಓಣಿಯಲ್ಲಿ ಕಟ್ಟಿಸಿದ ಕಟ್ಟಡ. ಕೆಳಗೆ ಐದು ಮನೆ, ಮೇಲೆ ಮೂರು, ಮೇಲೆ ಉಳಿದದ್ದು ತೆರೆದ ಮಾಳಿಗೆ. ಎಂಟರಲ್ಲಿ ಒಂದು ಮನೆ ಮಾರಬೇಕಾದರೆ ಉಳಿದ ಏಳೂ ಮನೆಯವರು ಒಪ್ಪಿ ಸಂಘದ ಪುಸ್ತಕದಲ್ಲಿ ರುಜು ಹಾಕಬೇಕು. ಹೆಣ್ಣು ಕೊಡುವವರು ಕೂಡ ಅಷ್ಟು ವಿಚಾರಣೆ ಮಾಡುವುದಿಲ್ಲ.

ನಾನಾಗ ಕಾನಹೊಸಹಳ್ಳಿಯ ಅಣ್ಣನ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅಣ್ಣ, ಅತ್ತಿಗೆ ಕೆಟ್ಟವರೇನಲ್ಲ. ಆದರೆ ನಾನು ಎದ್ದು ನಿಂತರೆ ಸಾಕು, ಯಾರಾದರೊಬ್ಬರು "ನೀ ಕುಂದ್ರು, ನಾ ತರ್ತೀನಿ" ಎನ್ನುತ್ತಿದ್ದರು. ಮೂವತ್ತೆರಡು ವರ್ಷ ಹಾಗೆ ಕೂತವಳಿಗೆ ತನ್ನ ಚಹಾ ತಾನೇ ಕಾಸಿಕೊಳ್ಳುವ ಒಂದು ಅಡುಗೆಮನೆ ಬೇಕಾಗಿತ್ತು. ನಾನು ಕೂಡಿಟ್ಟದ್ದಕ್ಕೆ ಅವ್ವನ ಬಂಗಾರ ಸೇರಿಸಿದರೆ ಆ ಮನೆಯೊಂದೇ ನನಗೆ ಎಟುಕುತ್ತಿತ್ತು. ಎಟುಕುವಂತೆ ಯಾಕಿತ್ತು ಎಂದು ನಾನು ಯೋಚಿಸಿರಲಿಲ್ಲ.

ಅದನ್ನು ಒಂದು ಭಾನುವಾರ ಬೆಳಿಗ್ಗೆ ಸಂಘದ ಸೆಕ್ರೆಟರಿ ಬಿಡಿಸಿ ಹೇಳಿದರು. ಅವರು ಗಿರಣಿಯ ನಿವೃತ್ತ ಗುಮಾಸ್ತರು. ಮೆಟ್ಟಿಲ ಬುಡದಲ್ಲಿ ಚಾಪೆ ಹಾಸಿ ಎಲ್ಲ ಮನೆಯವರೂ ಕೂತಿದ್ದರು.

"ಹುಡುಗಿ ಚಲೋ ಅದಾಳ. ಆದರ ಮ್ಯಾಲಿನ ಮನಿಗಿ ನಳದ ನೀರು ಏರಂಗಿಲ್ಲ. ಅಂಗಳದಾಗ ಹಿಡಕೊಂಡು ಹದಿನೆಂಟು ಮೆಟ್ಲ ಹೊರಬೇಕು."

"ಕುಂಟಿ ಅಂತ ಸೀದಾ ಅನ್ರಿ" ಎಂದೆ.

"ಹೌದವ್ವ, ಕುಂಟಿ ಅಂತನ. ನಾಳಿ ನೀ ಬಿದ್ರ, ರುಜು ಹಾಕಿದ ಕೈ ನಂದಾಗಿರ್ತೈತಿ."

ಸಿಟ್ಟು ಬಂದಾಗ ನನಗೆ ಬುದ್ಧಿ ಇರುವುದಿಲ್ಲ, ಈಗಲೂ ಇಲ್ಲ. ನಳದ ಹತ್ತಿರ ತುಂಬಿಟ್ಟಿದ್ದ ಯಾರದೋ ಕೊಡವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಹತ್ತತೊಡಗಿದೆ. ಏಳನೆಯ ಮೆಟ್ಟಿಲಿಗೆ ಕಾಲು ಕೈಕೊಟ್ಟಿತು. ನಾನು ಗೋಡೆ ಹಿಡಿದು ನಿಂತೆ, ಕೊಡ ಉರುಳಿ ಹೋಗಿ ಚಾಪೆ, ಪುಸ್ತಕ, ಸೆಕ್ರೆಟರಿಯ ಪಂಚೆ ಎಲ್ಲವನ್ನೂ ತೋಯಿಸಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಬರಬಹುದಿತ್ತು.

ಆಗ ಮೆಟ್ಟಿಲ ಪಕ್ಕದ ಕೆಳಮನೆಯ ಹೆಂಗಸು ಪುಸ್ತಕವನ್ನೆತ್ತಿ ಸೆರಗಿನಿಂದ ಒರೆಸಿದರು. ಗಿರಣಿಯ ಕಾರ್ಮಿಕರೊಬ್ಬರ ಹೆಂಡತಿ, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಎಲ್ಲರಿಗೂ ಅವರು ದೊಡ್ಡವ್ವ. ಪ್ರತಿ ಸೋಮವಾರ ನನ್ನ ಬೂತಿಗೆ ಬಂದು ಹರಪನಹಳ್ಳಿಯ ಮಗಳ ಜೊತೆ ಮಾತಾಡಿ ಹೋಗುತ್ತಿದ್ದರು, ನಮ್ಮ ಪರಿಚಯ ಅಷ್ಟೇ.

"ಯಜಮಾನ್ರ, ನನಗ ಹಪ್ಪಳ ಒಣಗಿಸಾಕ ಮಾಳಿಗಿ ಬೇಕು. ಹತ್ತಿ ಇಳದು ಸಾಕಾಗೈತಿ. ಈಕಿ ಮ್ಯಾಲಿಂದು ತಗೊಳ್ಳಿ, ನನ್ನ ಕೆಳಗಿಂದು ಈಕಿಗಿ ಬಿಟ್ಟು ನಾ ಮ್ಯಾಲ ಹೋಗ್ತೀನಿ. ಅದಲಿ ಬದಲಿ ಅಂತ ಬರ್ಕೊಳ್ರಿ" ಎಂದರು.

ಸೆಕ್ರೆಟರಿ ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದರು.

"ಹಪ್ಪಳಕ್ಕ?"

"ಹಪ್ಪಳಕ್ಕ."

ಒದ್ದೆ ಹಾಳೆಯ ಮೇಲೆ ಏಳು ರುಜು ಬಿದ್ದವು, ಶಾಯಿ ಹರಡಿ ಯಾರದು ಯಾವುದೆಂದು ಗೊತ್ತಾಗದ ಹಾಗೆ. ನನಗೆ ಖುಷಿಯಾದದ್ದು ಮನೆ ಸಿಕ್ಕಿದ್ದಕ್ಕೆ ಮಾತ್ರವಲ್ಲ, ಯಾರ ಋಣಕ್ಕೂ ಬೀಳದೆ ಸಿಕ್ಕಿದ್ದಕ್ಕೆ. "ನಿಮಗೂ ಅನುಕೂಲ ಆತು, ನನಗೂ ಆತು" ಎಂದು ದೊಡ್ಡವ್ವನಿಗೆ ದೊಡ್ಡ ವ್ಯಾಪಾರಸ್ಥಳ ಗತ್ತಿನಲ್ಲಿ ಹೇಳಿದೆ. ಅವರು ಹೂಂ ಎಂದರು.

ಹಾಲು ಉಕ್ಕಿಸಿದ ಮಾರನೆಯ ದಿನ ನಾನೇ ಎದ್ದು, ಬಾಗಿಲ ಮುಂದಿನ ನಳದಿಂದ ತಂಬಿಗೆಯಲ್ಲಿ ನೀರು ತಂದು, ಚಹಾ ಕಾಸಿ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಅಷ್ಟು ರುಚಿಯಾದ ಚಹಾ ನಾನು ಮತ್ತೆ ಕುಡಿದಿಲ್ಲ.

ಬೇಸಿಗೆಯಲ್ಲಿ ದೊಡ್ಡವ್ವ ಮಾಳಿಗೆಯ ಮೇಲೆ ಹಳೇ ಸೀರೆ ಹಾಸಿ ಹಪ್ಪಳ ಹಾಕಿದರು. ನನಗೂ ಒಂದು ಡಬ್ಬಿ ಬಂತು. ಒಂದು ದಪ್ಪ, ಒಂದು ತೆಳು, ಅಂಚೆಲ್ಲ ಸೀಳು, ಎಣ್ಣೆಗೆ ಬಿಟ್ಟರೆ ಅರಳಲು ಒಲ್ಲೆ ಎನ್ನುತ್ತಿದ್ದವು. ಉಪ್ಪಂತೂ ಕೇಳಬೇಡಿ. ಮುಂದಿನ ವರ್ಷವೂ ಅದೇ, ಅದರ ಮುಂದಿನ ವರ್ಷವೂ ಅದೇ.

"ಇಷ್ಟು ವರ್ಷ ಮಾಡಿದ್ರೂ ಹದ ಬಂದಿಲ್ಲಲ್ರಿ ದೊಡ್ಡವ್ವ?" ಎಂದು ರೇಗಿಸುತ್ತಿದ್ದೆ.

"ಈ ಸಲ ಉದ್ದು ಚಲೋ ಇಲ್ಲವ್ವ."

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ."

ಕುಣಿಯುವ ಮಾತನ್ನು ನಾನು ಆಡುವುದು ಕೇಳಿ ಅವರು ಬಿದ್ದು ಬಿದ್ದು ನಗುತ್ತಿದ್ದರು.

ನೀರು ಬಿಡುವ ದಿನ ನಸುಕಿನಲ್ಲಿ ಅವರ ಕೊಡ ನನ್ನ ಗೋಡೆಯ ಮೂಲೆಗೆ ಠಣ್ ಎಂದು ತಾಗಿ ಮೇಲೆ ಹೋಗುತ್ತಿತ್ತು. ಮೊದಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದರು. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಕೊಡವನ್ನು ಮೆಟ್ಟಿಲ ಮೇಲೆ ಮೂರು ಸಲ ಇಳಿಸುವ ಸದ್ದು ಕೇಳಿಸತೊಡಗಿತು. ಕೇಳಿದರೆ, "ನನಗ ರೂಢಿ ಐತಿ ಬಿಡು" ಎನ್ನುತ್ತಿದ್ದರು.

ಒಂದು ಸೋಮವಾರ ಬೂತಿನ ಗಾಜಿನ ಬಾಗಿಲು ಕೆಟ್ಟು, ಅರ್ಧ ತೆರೆದೇ ನಿಂತಿತ್ತು. ದೊಡ್ಡವ್ವ ಮಗಳ ಜೊತೆ ಎಂದಿನಂತೆ ಗಟ್ಟಿಯಾಗಿ ಮಾತಾಡುತ್ತಿದ್ದರು.

"ಮೊಣಕಾಲು ಇದ್ದದ್ದ ಬಿಡು. ಕೆಳಗಿನ ಮನಿ ವಾಪಸ್ ಕೇಳು ಅಂತ ಇನ್ನೊಮ್ಮಿ ಅನ್ನಬ್ಯಾಡ... ಹಪ್ಪಳದ ನೆಪ ಹೇಳಲಿಲ್ಲಂದ್ರ ಆಕಿ ತಗೋತಿದ್ಲೇನು? ಸಿಟ್ಟಿನಾಕಿ... ನೀ ಹಡದಾಗ ಸುದ್ದಿ ತಂದಾಕಿ ಯಾರು? ಆ ಬಿಸಿಲಾಗ ಕಾಲು ಎಳಕೊಂತ ನಮ್ಮ ಓಣಿ ತನಕ ಬಂದು ಹೇಳ್ಯಾಳ... ಹೂಂ, ಈ ವರ್ಷನೂ ಕೆಟ್ಟಾವ. ನಮ್ಮ ಮನ್ಯಾಗ ಯಾವತ್ತು ಹಪ್ಪಳ ಮಾಡಿದ್ವಿ ಹೇಳು, ಹದ ಬರಾಕ?"

ಆ ಹೆರಿಗೆಯ ಸುದ್ದಿ ನನಗೆ ಮರೆತೇ ಹೋಗಿತ್ತು. ಮನೆಯಲ್ಲಿ ಫೋನ್ ಇಲ್ಲದವರಿಗೆ ಬಂದ ಸುದ್ದಿಯನ್ನು ಮುಟ್ಟಿಸುವುದು ಬೂತಿನವರ ನಿತ್ಯದ ಕೆಲಸ. ಇಷ್ಟು ವರ್ಷ ಆಕೆ ಹೊತ್ತದ್ದು ನಾನು ಹೊರಬೇಕಾಗಿದ್ದ ನೀರು, ನಾನು ನಕ್ಕಿದ್ದು ಆಕೆಯ ಹಪ್ಪಳಕ್ಕೆ. ದೊಡ್ಡವ್ವ ಹೊರಗೆ ಬಂದಾಗ ನಾನು ಬಗ್ಗಿ ಬಾಗಿಲಿನ ಸ್ಕ್ರೂ ತಿರುವುತ್ತಾ ಇದ್ದೆ. ಮುಖ ಎತ್ತಿದ್ದರೆ ಅತ್ತುಬಿಡುತ್ತಿದ್ದೆ.

ಈ ಸಲ ನೇಮ ಮುರಿಯಲಿಲ್ಲ. ಮನೆ ವಾಪಸ್ ತಗೊಳ್ಳಿ ಎಂದರೆ ಆಕೆ ತಗೊಳ್ಳುವವರಲ್ಲ. ಮುಂದಿನ ಸಭೆಯಲ್ಲಿ ಎಲ್ಲರೆದುರು ಜಗಳ ತೆಗೆದೆ.

"ನಸಿಕಿನ್ಯಾಗ ದೊಡ್ಡವ್ವನ ಕೊಡ ನನ್ನ ಗ್ವಾಡಿಗಿ ಬಡೀತೈತ್ರಿ. ನಿದ್ದಿ ಕೆಡತೈತಿ. ಮ್ಯಾಲ ಟಾಕಿ ಕೂಡಿಸಿ ಮೋಟರ್ ಹಾಕಿಸ್ರಿ. ನನ್ನ ಪಾಲಿಂದು ನಾನೇ ಮೊದಲು ಕೊಡ್ತೀನಿ."

ಸೆಕ್ರೆಟರಿಗೆ ಆಗಲೇ ವಯಸ್ಸಾಗಿತ್ತು. ಅವತ್ತಿನ ಹಾಗೆಯೇ ಬಾಯಿ ತೆರೆದು, ಮುಚ್ಚಿ, ನನ್ನನ್ನೇ ನೋಡಿದರು.

"ನಿದ್ದಿಗೆ?"

"ನಿದ್ದಿಗೆ."

"ಭಾಳ ನಾಜೂಕಿನಾಕಿ" ಎಂದು ದೊಡ್ಡವ್ವ ಮುಖ ಊದಿಸಿಕೊಂಡು ಮೇಲೆ ಹೋದರು. ಎರಡು ದಿನ ಮಾತು ಬಿಟ್ಟರು. ಮೋಟರ್ ಬಂತು, ಟಾಕಿ ಕೂತಿತು, ನೀರು ಏರಿತು. ನಸುಕಿನಲ್ಲಿ ಓಣಿ ನಿಶ್ಶಬ್ದವಾಯಿತು. ನಾನು ಮಾತ್ರ ಆ ಹೊತ್ತಿಗೆ ತಾನಾಗಿ ಎಚ್ಚರಾಗಿ, ಸದ್ದಿಲ್ಲದ್ದನ್ನು ಕೇಳುತ್ತಾ ಮಲಗಿರುತ್ತಿದ್ದೆ.

ಆ ಬೇಸಿಗೆ ಮಾಳಿಗೆ ಖಾಲಿ ಇತ್ತು. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು, ಸೀರೆ ಹಾಸಲಿಲ್ಲ. ಒಂದು ಮಧ್ಯಾಹ್ನ ಅಂಗಳದಲ್ಲಿ ನಿಂತು ಕೂಗಿದೆ: "ದೊಡ್ಡವ್ವ, ಈ ವರ್ಷ ಹಪ್ಪಳ ಇಲ್ಲೇನ್ರಿ?"

ಅವರು ಮಾಳಿಗೆಯ ಕಟ್ಟೆಯ ಮೇಲಿಂದ ಬಗ್ಗಿ ನನ್ನನ್ನು ನೋಡಿದರು. ಆಮೇಲೆ ನಕ್ಕರು.

"ನಿನಗ ನಿದ್ದಿ ಬರಾಕತ್ತೈತಿಲ್ಲ? ಇನ್ನ ಹಪ್ಪಳ ಯಾಕವ್ವ?"