ಬಾಗಿಲಲ್ಲಿ ಕಾದ ಕಾಕು

ನಿನ್ನೆ ಶೇಂಗಾ ಹುರಿಯುತ್ತಿದ್ದೆ. ಬಾಣಲೆಯಲ್ಲಿ ಒಂದೆರಡು ಕಾಳು ಸೀದವು. ಆ ವಾಸನೆಗೆ ಕೈ ನಿಂತುಬಿಟ್ಟಿತು... ಎದುರುಮನೆಯ ಕಾಕು ಮಾಡುತ್ತಿದ್ದ ಶೇಂಗಾ ಚಟ್ನಿಗೂ ಹೀಗೇ ತುಸು ಸೀದ ವಾಸನೆ ಇರುತ್ತಿತ್ತು. ಅವರು ನಮ್ಮ ಮನೆಗೆ ಕೊನೆಯ ಸಲ ಬಂದ ಶುಕ್ರವಾರವೂ ಕೈಯಲ್ಲಿ ಚಟ್ನಿಯ ಡಬ್ಬಿ ಇತ್ತು.

ಮರಾಠಿಯವರೇ ತುಂಬಿದ್ದ ನಿಗಡಿಯ ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ, ನಮ್ಮದು ಮತ್ತು ಅವರದು. ಅವರ ಗಂಡನಿಗೆ ಕ್ಯಾಂಪ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಗಂಡ ತೀರಿಕೊಂಡ ಮೇಲೆ ಕಟ್ಟಡದ ಹೆಂಗಸರು ಹಳದಿ-ಕುಂಕುಮಕ್ಕೆ ಮನೆಮನೆಗೂ ಕರೆಯುವಾಗ ಕಾಕುವಿನ ಬಾಗಿಲನ್ನು ದಾಟಿ ಹೋಗುತ್ತಿದ್ದರು. ನಮ್ಮ ಅತ್ತೆಯೂ ಅವರು ಬಂದರೆ ಕುಂಕುಮದ ಭರಣಿಯನ್ನು ಹಿಂದಕ್ಕೆ ಸರಿಸುತ್ತಿದ್ದರು. ಒಂದು ಶುಕ್ರವಾರ ನನಗೆ ಸಿಟ್ಟು ತಡೆಯಲಾಗಲಿಲ್ಲ. ಭರಣಿ ಎತ್ತಿಕೊಂಡು ಕಾಕುವಿನ ಮುಂದೆ ನಿಂತೆ.

“ಹಚ್ಚತೀಯೇನವಾ? ನಿಮ್ಮತ್ತಿ ಒಳಗ ಇದ್ದಾರ.”

“ಇರ್ಲಿ ಬಿಡ್ರಿ. ಅವರಿಗೂ ಕಾಣ್ಲಿ,” ಎಂದೆ.

ಕಾಕು ಬಾಯಿಗೆ ಸೆರಗು ಹಿಡಿದು ನಕ್ಕರು. ಅಂದಿನಿಂದ ಪ್ರತಿ ಶುಕ್ರವಾರ, ಹೋಗುವಾಗ, ಹೊಸ್ತಿಲ ಬಳಿ ಹಣೆಯೊಡ್ಡಿ ನಿಲ್ಲುತ್ತಿದ್ದರು. “ನಾನ ಇಟ್ಕೊಂಡ್ರ ಹಟ ಅಂತಾರ. ನೀ ಹಚ್ಚಿದ್ರ ಮಾನ,” ಎನ್ನುತ್ತಿದ್ದರು.

ಓಟದ ಆಟವೊಂದು ನನ್ನ ಫೋನಿಗೆ ಬಂದದ್ದು ಆಮೇಲೆ. ಒಂದು ನಗರ, ಅದರ ಬೀದಿಗಳಲ್ಲಿ ಓಡುವ ಒಬ್ಬ ಹುಡುಗಿ. ಬಸ್ಸು ಬಂದರೆ ಹಾರಬೇಕು, ಕಮಾನು ಬಂದರೆ ಬಗ್ಗಬೇಕು. ಡಿಕ್ಕಿ ಹೊಡೆಯುವ ತನಕ ಓಟಕ್ಕೆ ಕೊನೆಯಿಲ್ಲ. ಸುಳ್ಳು ಹೇಳುವುದಿಲ್ಲ, ಸುಖವಾಗಿತ್ತು. ಕ್ಯಾಂಪಿಗೆ ಹೋಗಿ ಬರಲೂ ಮನೆಯಲ್ಲಿ ಮೂವರನ್ನು ಕೇಳಬೇಕಿದ್ದ ನನಗೆ ಅಲ್ಲಿ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಾಗೆಯೇ ಹಿಡಿಯುತ್ತದೆ ಅದು. ಹಿಡಿದ ಮೇಲೆ ತಲೆ ಎತ್ತಲು ಬಿಡುವುದಿಲ್ಲ. ಅದನ್ನು ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು.

“ಕುಂತಲ್ಲೇ ಇಷ್ಟ್ ಓಡ್ತಿ, ಬೆನ್ನ ಹತ್ತಿದವರು ಯಾರವಾ, ನಿಮ್ಮತ್ತೀನೇನು?” ಎಂದು ಕಾಕು ಕಿವಿಯಲ್ಲಿ ಕೇಳುತ್ತಿದ್ದರು.

ಆ ಕೊನೆಯ ಶುಕ್ರವಾರದ ಹಿಂದಿನ ದಿನ ಬಂದು ಹೇಳಿದರು, “ನಾಳೆ ಮಧ್ಯಾಹ್ನ ಕಾತ್ರಜದಿಂದ ಬಸ್ಸು. ತಮ್ಮನ ಮಗಳ ಮದುವಿ. ಬರೇ ಹಣೀಲೆ ಹೋಗಿ ಮೂಲ್ಯಾಗ ಕುಂಡ್ರಂಗಿಲ್ಲ ನಾನು. ನೀ ಹಚ್ಚಿ, ಒಂದಿಷ್ಟು ಕಾಗದದಾಗ ಕಟ್ಟಿ ಕೊಡು. ಯಾರರೆ ಕೇಳಿದ್ರ, ನಮ್ಮ ಹುಡುಗಿ ಹಚ್ಚಿ ಕಳಿಸ್ಯಾಳ ಅಂತೀನಿ.”

ಮರುದಿನ ಅವರ ಚಪ್ಪಲಿಯ ಸದ್ದು ಕೇಳಿತು. ಆಟದಲ್ಲಿ ನಾನು ಅದುವರೆಗೆ ಓಡದಷ್ಟು ದೂರ ಓಡಿದ್ದೆ.

“ತಡೀರಿ ಕಾಕೂ, ಒಂದ್ನಿಮಿಷ.” ತಲೆ ಎತ್ತಲಿಲ್ಲ.

ಅವರು ನಿಂತರು. ನಾನು ಓಡಿದೆ...

“ಬಸ್ಸಿನ ಹೊತ್ತಾತವಾ.”

ಎಡಗೈ ಎತ್ತಿ ಸುಮ್ಮನಿರಿ ಎಂದು ತೋರಿಸಿದೆ. ಒಳಗಿನಿಂದ ಅತ್ತೆಯ ದನಿ ಬಂತು, ಹೊಸ್ತಿಲಿಗೂ ಕೇಳುವಷ್ಟು ಜೋರಾಗಿ: “ಹೋಗ್ಲಿ ಬಿಡು. ಈಗರೆ ಬುದ್ಧಿ ಬಂತಲ್ಲ ನಿನಗ.”

ಕಮಾನು ಬಂತು, ನಾನು ಬಗ್ಗಿದೆ. ಕಡೆಗೊಮ್ಮೆ ಬಸ್ಸಿಗೆ ಡಿಕ್ಕಿ ಹೊಡೆದು ಮುಖ ಎತ್ತಿದಾಗ ಬಾಗಿಲು ತೆರೆದಿತ್ತು. ಚಪ್ಪಲಿಯ ಕಪಾಟಿನ ಮೇಲೆ ಚಟ್ನಿಯ ಡಬ್ಬಿ ಇತ್ತು. ಓಟವನ್ನು ತಡೆದು ನಿಲ್ಲಿಸುವ ಗುಂಡಿ ಪರದೆಯ ಮೂಲೆಯಲ್ಲೇ ಇತ್ತು. ನಾನು ಒತ್ತಿರಲಿಲ್ಲ.

ಮುಂದಿನ ಶುಕ್ರವಾರ ಹಚ್ಚಿದರಾಯಿತು ಎಂದುಕೊಂಡೆ. ಮದುವೆಯಾದ ಮೂರನೆಯ ದಿನ ಕಾಕು ತಮ್ಮನ ಮನೆಯಲ್ಲೇ ತೀರಿಕೊಂಡರು, ಎದೆನೋವು. ಸುದ್ದಿ ಬಂದ ದಿನ ಫೋನಿನಲ್ಲಿ ಆಟದ ಸಂದೇಶವೂ ಬಂತು, ನಗರ ನಿಮಗಾಗಿ ಕಾಯುತ್ತಿದೆ ಎಂದು. ಕಾದದ್ದು ನಗರವಲ್ಲ. ಆಟವನ್ನು ಅಳಿಸಿದೆ. ಅಳಿಸಿದರೇನು... ನಾನೂ ಅತ್ತೆಯ ಕಡೆ ಸೇರಿದೆನೆಂದೇ ತಿಳಿದು ಅವರು ಹೋದರೋ ಏನೋ, ಈಗ ಕೇಳಲು ಯಾರೂ ಇಲ್ಲ.

ಕಾಕುವಿನ ಮನೆ ಖಾಲಿ ಮಾಡಲು ಬಂದ ಅವರ ತಮ್ಮ, ಮಗಳ ಮದುವೆಯ ಫೋಟೊ ಒಂದನ್ನು ನನಗೆ ಕೊಟ್ಟುಹೋದರು. ಅದು ಈಗ ನಮ್ಮ ಕುಂಕುಮದ ಭರಣಿಯ ಪಕ್ಕದಲ್ಲೇ ಇದೆ. ಎಲ್ಲರ ಹಿಂದೆ, ಒಂದು ಮೂಲೆಯಲ್ಲಿ ಕಾಕು ನಿಂತಿದ್ದಾರೆ. ಹಣೆಯ ಮೇಲೆ ಕುಂಕುಮವಿಲ್ಲ.